ಯಾವುದರಿಂದ ದೂರ

ಬೆಳಿಗ್ಗೆ ಆರಕ್ಕೆ ವ್ಯಾನು ಬಿಡುತ್ತೇನೆ ಫೇರ್‌ಬ್ಯಾಂಕ್ಸಿನಿಂದ.
ಹತ್ತು ಜನ, ಹತ್ತು ಬುತ್ತಿ, ಹೆಚ್ಚಿಗೆ ಒಂದು ಟೈರು,
ಅಲ್ಲ, ಎರಡು. ಈ ರಸ್ತೆಗೆ ಒಂದು ಸಾಲದು.
ನನ್ನ ಹೆಸರು ಡೆಲ್ಮಾ ಅನ್ನುತ್ತೇನೆ
ಕನ್ನಡಿಯಲ್ಲಿ ಅವರ ಮುಖ ನೋಡುತ್ತ.
ಅವಸರವಾದವರು ಮೊದಲೇ ಹೇಳಿಬಿಡಿ,
ಮುಂದಿನ ಕಕ್ಕಸು ಎರಡು ಗಂಟೆ ದಾರಿ.
ನಗುತ್ತಾರೆ. ಇದೇ ತಿರುವಿನಲ್ಲಿ, ಇದೇ ಮಾತಿಗೆ
ಹನ್ನೊಂದು ಬೇಸಿಗೆಯಿಂದ ನಗುತ್ತಿದ್ದಾರೆ.

ಪಕ್ಕದಲ್ಲೇ ಬರುತ್ತದೆ ಎಣ್ಣೆಯ ಕೊಳವೆ
ಕಾಲೂರಿ, ಮಂಡಿ ಮಡಚಿ, ಗುಡ್ಡ ಹತ್ತಿ ಇಳಿದು,
ಈ ಕಾಡಿನಲ್ಲಿ ದಾರಿ ತಪ್ಪದ ಒಂದೇ ಪ್ರಾಣಿ.
ಸ್ಪ್ರೂಸ್ ಮರಗಳು ಗಿಡ್ಡವಾಗುತ್ತ ಬರುತ್ತವೆ.
ಸೊಂಟದೆತ್ತರದ ಒಂದನ್ನು ತೋರಿಸಿ
ಇದಕ್ಕೆ ನೂರು ವರ್ಷ ಅನ್ನುತ್ತೇನೆ.
ಯಾರಾದರೊಬ್ಬರು ಅದರ ನೆತ್ತಿ ಸವರುತ್ತಾರೆ ಮಗುವಿಗೆ ಸವರಿದ ಹಾಗೆ.
ಅಜ್ಜನ ತಲೆ ಅದು ಅನ್ನುವುದಿಲ್ಲ.

"ಇಷ್ಟು ದೂರದಲ್ಲಿ ಯಾರಾದರೂ ಇರುತ್ತಾರಾ?"
ಕೇಳಿದವಳು ಹಸಿರು ಟೊಪ್ಪಿಯ ಹೆಂಗಸು.
ಯಾವುದರಿಂದ ದೂರ, ಎಂದು ನಾಲಿಗೆ ತುದಿಗೆ ಬಂದು ಕೂರುತ್ತದೆ.
ಇರುತ್ತಾರೆ, ಅನ್ನುತ್ತೇನೆ.
ವ್ಯಾನು ಓಡಿಸುತ್ತಾರೆ.

ಯೂಕಾನ್ ನದಿ. ಮರದ ಹಲಗೆಯ ಸೇತುವೆ. ಇಪ್ಪತ್ತು ನಿಮಿಷ.
ಹಾಲು ಹೆಚ್ಚಾದ ಚಹಾದ ಬಣ್ಣದ ನೀರು,
ದೋಣಿಯ ಹೊಟ್ಟೆಗೆ ಕಿವಿಯಿಟ್ಟರೆ
ಮರಳು ಪಿಸುಗುಡುವುದು ಕೇಳುತ್ತದೆ.
ಕೆಳಗೆ ದಡದಲ್ಲಿ ನಾಲ್ಕು ಕಂಬ, ಅಡ್ಡಗೋಲು,
ತಗಡಿನ ಮಾಡು, ಏನೂ ನೇತಾಡುತ್ತಿಲ್ಲ.
ಮೀನು ಒಣಗಿಸುವ ಚಪ್ಪರ, ಅನ್ನುತ್ತೇನೆ.
ಯಾರದೆಂದು ಯಾರೂ ಕೇಳಲಿಲ್ಲ.
ಮುಂದಿನೆರಡು ಹಲ್ಲು ಬಿದ್ದ ಹುಡುಗನೊಬ್ಬ
ಕಂಬಿಗೆ ಗಲ್ಲ ಒತ್ತಿ ಕೇಳಿದ:
"ಮೀನೆಲ್ಲಿ?"

ಈ ಪ್ರಶ್ನೆಗೆ ನನ್ನ ಹತ್ತಿರ ತಮಾಷೆ ಇಲ್ಲ.
ಹೇಳಬಹುದಿತ್ತು:
ಒಂದು ವರ್ಷ ಕಡಿಮೆ ಬಂದವು, ಮರುವರ್ಷ ಇನ್ನೂ ಕಡಿಮೆ,
ಆಮೇಲೆ ಅಂಚೆಮನೆಯ ಗೋಡೆಗೆ ಒಂದು ಕಾಗದ ಬಂತು
ಬಲೆ ಇಳಿಸಕೂಡದು ಅಂತ.
ಸೆತ್ಸೂ, ನನ್ನಜ್ಜಿ, ಆ ಬೇಸಿಗೆಯೂ ಚಾಕು ಮಸೆದಳು,
ಆಲ್ಡರ್ ಸೌದೆ ಒಟ್ಟಿದಳು,
ಖಾಲಿ ಚಪ್ಪರಕ್ಕೆ ಹೊಗೆ ಹಾಕಿದಳು.
ಯಾಕೆ ಅಂದರೆ,
ನೊಣ ಕೂರಬಾರದಲ್ಲ, ಅಂದಳು.

ಹುಡುಗನಿಗೆ ಹೇಳಿದ್ದು ಇಷ್ಟೇ: "ದಾರಿಯಲ್ಲಿರಬೇಕು."
ಅವನು ನೀರನ್ನೇ ನೋಡುತ್ತ ನಿಂತ
ತಡವಾದ ಬಸ್ಸಿಗೆ ಕಾದವರ ಹಾಗೆ.

ನೂರ ಹದಿನೈದನೆಯ ಮೈಲಿ. ಆರ್ಕ್ಟಿಕ್ ವೃತ್ತದ ಹಲಗೆ.
ಬಿಳಿ ಗೆರೆ ಬರೆದ ಕೆಂಪು ಜಮಖಾನ ಬಿಚ್ಚಿ ಹಾಸುತ್ತೇನೆ.
ಒಬ್ಬೊಬ್ಬರೇ ದಾಟುತ್ತಾರೆ. ಚಪ್ಪಾಳೆ.
ಪ್ರಮಾಣಪತ್ರಕ್ಕೆ ನನ್ನ ಸಹಿ.
ಅಮ್ಮ ಮೂಸ್ ಬೆನ್ನಟ್ಟಿ ಎಷ್ಟು ಸಲ ದಾಟಿದ್ದಳೋ ಈ ಗೆರೆಯನ್ನು,
ಸದ್ದಾಗದ ಹಾಗೆ.

ಇನ್ನು ಬಗ್ಗಿ, ಅನ್ನುತ್ತೇನೆ. ತೋಳು ಮಡಚಿ.
ಪಾಚಿಯೊಳಕ್ಕೆ ಕೈ ಇಳಿಸಿ.
ಮೊದಲು ಬೆಚ್ಚಗೆ, ಒದ್ದೆ ಬೆಕ್ಕಿನ ಮೈಯ ಹಾಗೆ;
ಆಮೇಲೆ ಬೇರು; ಆಮೇಲೆ ಬೆರಳಿಗೆ
ಕಲ್ಲಿನಂಥ ಹಿಮ, ಎಂದೂ ಕರಗದ್ದು,
ಹಾಗಂತ ಹೇಳಿಕೊಟ್ಟಿದ್ದಾರೆ ಕಂಪನಿಯವರು.
ನಾನು ಸೇರಿದ ವರ್ಷ ಮಣಿಕಟ್ಟಿನ ಆಳಕ್ಕೆ ಸಿಗುತ್ತಿತ್ತು.
ಈಗ ಮೊಣಕೈ.

ಎಲ್ಲರೂ ಎದ್ದು ಕೈ ಒರೆಸಿಕೊಂಡರು.
ಹುಡುಗ ಮಾತ್ರ ಭುಜದವರೆಗೂ ಒಳಗೆ,
ಕೆನ್ನೆ ಪಾಚಿಗೆ, ಕಣ್ಣು ಮುಚ್ಚಿ ತಡಕುತ್ತಿದ್ದಾನೆ.
ಅವನಮ್ಮ ಗದರಿದಳು.
"ತಣ್ಣಗಿದೆ," ಅಂದ, "ಇಲ್ಲಿಟ್ಟರೆ ಮೀನು ಕೆಡಲ್ಲ."
ಸೆತ್ಸೂ ಮಗುವಾಗಿದ್ದಾಗ ಅವರು ಮಾಂಸ ಇಡುತ್ತಿದ್ದದ್ದು
ಇಂಥದೇ ಕುಳಿಯಲ್ಲಿ.
ಅವನಿಗೆ ಯಾರೂ ಹೇಳಿಲ್ಲ. ನಾನಂತೂ ಹೇಳಿಲ್ಲ.

ವಾಪಸು ಬರುವಾಗ ರಾತ್ರಿ ಹತ್ತು, ಸೂರ್ಯ ಇನ್ನೂ ಕಿಟಕಿಯಲ್ಲಿ.
ಬಾಯಿ ತೆರೆದು ಮಲಗಿದ್ದಾರೆ ಎಲ್ಲ,
ಹುಡುಗನ ತೋಳು ಕೆಸರು ಕೆಸರು.
ಸೇತುವೆಯ ಹಲಗೆ ದಡದಡ ಅಂದರೂ ಯಾರಿಗೂ ಎಚ್ಚರವಿಲ್ಲ.
ದಡದಲ್ಲಿ ತೆಳ್ಳಗೆ ಏಳುತ್ತಿದೆ ಹೊಗೆ.
ಒಂದಿಂಚು ಗಾಜು ಇಳಿಸುತ್ತೇನೆ.